ಬಲ್ಗೇರಿಯಾದ ಕೈಕಸುಬು, ಹಳೇ ರಾಜಧಾನಿ ಎರಡನ್ನೂ ಒಂದೇ ದಿನದಲ್ಲಿ ನೋಡೋದು ಹೇಗೆ: ನಮ್ಮ ಉಡುಪಿ, ಮಂಗ್ಳೂರು ಕಡೆಯವರಿಗೆ

ನನ್ನ ತಂಗಿ ಮಗಳು ಬಲ್ಗೇರಿಯಾದ ಪ್ಲೆವೆನ್ ಅನ್ನುವ ಊರಲ್ಲಿ ಮೆಡಿಕಲ್ ಓದ್ತಾ ಇದ್ದಾಳೆ, ಆ ನೆಪದಲ್ಲಿ ನಾನು ಎರಡು ಸಲ ಅಲ್ಲಿಗೆ ಹೋಗಿ ಬಂದೆ. ಬಂದ ಮೇಲೆ ಕೇಳುವವರು ಸುಮಾರು ಜನ. ಒಬ್ಬರ ಮಗ ಶಿಪ್ಪಲ್ಲಿದ್ದಾನೆ, ವಾರ್ನಾ ಪೋರ್ಟಿಗೆ ಬರ್ತಾನೆ, ಇನ್ನೊಬ್ಬರ ಮಗಳಿಗೆ ಅಲ್ಲೇ ಎಂಬಿಬಿಎಸ್ ಸೀಟು ನೋಡ್ತಾ ಇದ್ದಾರೆ, ಹೇಗೂ ಹೋಗ್ಲಿಕ್ಕುಂಟು, ಒಂದು ದಿನ ಸಿಕ್ಕಿದ್ರೆ ಎಂತ ನೋಡ್ಬಹುದು ಅಂತ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೀತೇನೆ.

ಮೊದಲನೇ ಸಲ ನಾವು ದೊಡ್ಡ ಬಸ್ಸಿನ ಪ್ಯಾಕೇಜಲ್ಲಿ ಹೋದದ್ದು. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಊಟ, ಆಮೇಲೆ ಸಂಜೆ ಹೊತ್ತಿಗೆ ಎಟರ್ ಅನ್ನುವ ಕೈಕಸುಬಿನ ಮ್ಯೂಸಿಯಂಗೆ 40 ನಿಮಿಷ, ನಾವು ಒಳಗೆ ಹೋಗುವಾಗ ಕಮ್ಮಾರ ಕುಲುಮೆ ಆರಿಸ್ತಾ ಇದ್ದ, ಕುಂಬಾರಣ್ಣ ಕೈ ತೊಳೀತಾ ಇದ್ದ. ಇಡೀ ದೇಶದಲ್ಲಿ ನಾನು ನೋಡ್ಬೇಕು ಅಂತ ಹೋದದ್ದೇ ಅದು, ಬಸ್ಸು ಹತ್ತುವಾಗ ಕಣ್ಣಲ್ಲಿ ನೀರು ಬಂದಿತ್ತು. ಎರಡನೇ ಸಲ ನಾವೇ ಪ್ಲಾನ್ ಮಾಡಿ, ಅಲ್ಲಿಯವರೇ ಒಬ್ಬ ಗೈಡ್ ಹುಡುಗಿಯನ್ನು ಇಟ್ಕೊಂಡು, ಆರ್ಡರ್ ತಿರುಗಿಸಿ ಹೋದೆವು. ಅದೇ ಪ್ಲಾನ್ ಹೇಳ್ತೇನೆ. ಇದರಲ್ಲಿ ಮುಖ್ಯ ವಿಷಯ ಒಂದೇ: ಕೆಲಸ ಮಾಡುವ ಕೈಗಳನ್ನು ಬೆಳಿಗ್ಗೆ ನೋಡಿ, ಕಲ್ಲುಗಳನ್ನು ಸಂಜೆಗೆ ಇಡಿ. ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಕೆಲಸಗಾರ ಸಂಜೆ ಮನೆಗೆ ಹೋಗ್ತಾನೆ.

ಹೊರಡುವ ಮೊದಲು ಊರಲ್ಲೇ ಮಾಡ್ಬೇಕಾದ ಒಂದು ಕೆಲಸ ಉಂಟು, ಇದನ್ನು ದಯವಿಟ್ಟು ಬಿಡ್ಬೇಡಿ. ಒಂದು ಆದಿತ್ಯವಾರ ಬಾರ್ಕೂರಿಗೆ ಹೋಗಿ, ಕತ್ತಲೆ ಬಸದಿ, ಪಂಚಲಿಂಗೇಶ್ವರ, ಹಳೇ ಕೋಟೆಯ ಜಾಗ ಎಲ್ಲ ನಿಧಾನ ನೋಡಿ ಬನ್ನಿ. ಯಾಕೆ ಹೇಳ್ತೇನೆ ಅಂದ್ರೆ ನೀವು ಅಲ್ಲಿ ನೋಡುವ ವೆಲಿಕೊ ತರ್ನೊವೊ 1185ರಿಂದ 1393ರವರೆಗೆ ಬಲ್ಗೇರಿಯಾದ ಎರಡನೇ ಸಾಮ್ರಾಜ್ಯದ ರಾಜಧಾನಿ, ಆ ಊರು ಮೆರೀತಿದ್ದ ಕಾಲಕ್ಕೆ ನಮ್ಮಲ್ಲಿ ಆಳುಪರು ಬಾರ್ಕೂರಲ್ಲಿ ಕೂತು ಆಳ್ತಾ ಇದ್ರು, ಆ ಊರು ಬೀಳುವ ಹೊತ್ತಿಗೆ ಇಲ್ಲಿ ವಿಜಯನಗರದ ರಾಜ್ಯಪಾಲರು ಬಂದು ಕೂತಾಗಿತ್ತು. ಇಷ್ಟು ತಲೇಲಿ ಇದ್ರೆ ಗೈಡ್ ಹೇಳುವ ಇಸವಿಗಳು ಬರೇ ನಂಬರ್ ಆಗಿ ಉಳಿಯುವುದಿಲ್ಲ. ಮತ್ತೆ ಸಾಧ್ಯ ಆದ್ರೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘಕ್ಕೆ ಹೋಗಿ ಉಡುಪಿ ಸೀರೆ ನೇಯುವುದನ್ನು ನೋಡಿ, ಅವರ ಹತ್ರ ಕೇಳಿ ಒಂದು ಚಿಕ್ಕ ವಿಡಿಯೋ ಮಾಡ್ಕೊಳ್ಳಿ. ಆ ವಿಡಿಯೋ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳ್ತೇನೆ.

ಪೇಪರ್ ಕೆಲಸ ಬೇಗ ಮುಗಿಸ್ತೇನೆ. ಬಲ್ಗೇರಿಯಾ 2025 ಜನವರಿಯಿಂದ ಪೂರ್ತಿ ಶೆಂಗೆನ್ ಒಳಗೆ, ಅಂದ್ರೆ ಒಂದೇ ವೀಸಾದಲ್ಲಿ ತಿರುಗಬಹುದಾದ ಯುರೋಪಿನ ದೇಶಗಳ ಗುಂಪಿಗೆ ಬಂದಿದೆ, ಹಾಗಾಗಿ ಶೆಂಗೆನ್ ವೀಸಾ ಬೇಕು. ದುಡ್ಡು 2026 ಜನವರಿ 1ರಿಂದ ಯುರೋ, ಹಳೇ ಬ್ಲಾಗುಗಳಲ್ಲಿ ಲೆವ್ ಅಂತ ಬರೆದಿದ್ರೆ ಅದನ್ನು 1.95583ರಿಂದ ಭಾಗಿಸಿದ್ರೆ ಯುರೋ ಲೆಕ್ಕ ಸಿಗ್ತದೆ, ಅಂದಾಜಿಗೆ ಅರ್ಧ ಅಂತ ಇಟ್ಕೊಳ್ಳಿ. ಹೋಗ್ಲಿಕ್ಕೆ ಒಳ್ಳೇ ಟೈಮ್ ಮೇಯಿಂದ ಸೆಪ್ಟೆಂಬರ್. ನಮ್ಮಲ್ಲಿ ಧೋ ಅಂತ ಮಳೆ ಹೊಯ್ಯುವಾಗ ಅಲ್ಲಿ ಜೂನ್ ಕೊನೆಗೆ ರಾತ್ರಿ ಸುಮಾರು ಒಂಬತ್ತರವರೆಗೂ ಬೆಳಕಿರ್ತದೆ, ಒಂದೇ ದಿನದಲ್ಲಿ ಮೂರು ಊರು ನೋಡುವ ನಮ್ಮ ಪ್ಲಾನಿಗೆ ಆ ಬೆಳಕೇ ಆಧಾರ.

ಉಳ್ಕೊಳ್ಳುವುದು ತರ್ನೊವೊದಲ್ಲೇ ಆಗ್ಬೇಕು, ಸೋಫಿಯಾದಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಅಂತ ಮಾಡ್ಲೇಬೇಡಿ. ಸೋಫಿಯಾದಿಂದ ಸುಮಾರು 220 ಕಿಲೋಮೀಟರ್, ವಾರ್ನಾದಿಂದಲೂ ಹೆಚ್ಚು ಕಮ್ಮಿ ಅಷ್ಟೇ, ಮೂರು ಗಂಟೆ ಬರೇ ಕೂತೇ ಹೋಗ್ತದೆ. ಹಿಂದಿನ ದಿನ ಮಧ್ಯಾಹ್ನ ಬಂದು ಇಳಿದು ಸಂಜೆ ಸಮೊವೊದ್ಸ್ಕಾ ಚಾರ್ಶಿಯಾ ಅನ್ನುವ ಹಳೇ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿ. ಕಲ್ಲು ಹಾಸಿದ ಇಳಿಜಾರು ಬೀದಿ, ಎರಡೂ ಕಡೆ ಮರದ ಬಾಗಿಲಿನ ಚಿಕ್ಕ ಅಂಗಡಿ, ಕುಂಬಾರಿಕೆ, ತಾಮ್ರ, ನೇಯ್ಗೆ, ಮರದ ಕೆತ್ತನೆ. ಇಲ್ಲಿ ಎಂತದ್ದೂ ತಗೊಳ್ಬೇಡಿ, ರೇಟ್ ಮಾತ್ರ ನೋಡ್ಕೊಳ್ಳಿ, ಮರುದಿನ ಮಾಡಿದವನ ಕೈಯಿಂದಲೇ ತಗೊಳ್ಲಿಕ್ಕುಂಟು.

ಗೈಡ್ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳ್ತೇನೆ, ಯಾಕೆಂದ್ರೆ ದಿನ ಹಾಳಾಗುವುದೂ ಒಳ್ಳೇದಾಗುವುದೂ ಇಲ್ಲೇ. ಲೈಸೆನ್ಸ್ ಇರುವ, ತರ್ನೊವೊ ಅಥವಾ ಎಟರ್ ಹತ್ರದ ಗಾಬ್ರೊವೊ ಊರಿನ ಕಡೆಯವರೇ ಆದ ಗೈಡ್ ಹುಡುಕಿ, ಒಂದು ಕಾರು ಅಥವಾ ಚಿಕ್ಕ ವ್ಯಾನ್, ಐದಾರು ಜನಕ್ಕಿಂತ ಜಾಸ್ತಿ ಬೇಡ. ಬುಕ್ ಮಾಡುವ ಮೊದಲೇ ಮೆಸೇಜಲ್ಲಿ ಮೂರು ವಿಷಯ ಸ್ಪಷ್ಟ ಮಾಡ್ಕೊಳ್ಳಿ. ಎಟರಲ್ಲಿ ಮೂರು ಗಂಟೆ ಕೊಡ್ಬೇಕು, ಕೆಲಸಗಾರರ ಹತ್ರ ನಾವು ಕೇಳುವ ಪ್ರಶ್ನೆಯನ್ನು ಬಲ್ಗೇರಿಯನ್‌ಗೆ ಟ್ರಾನ್ಸ್‌ಲೇಟ್ ಮಾಡಿ ಕೊಡ್ಬೇಕು, ಶಾಪಿಂಗಿಗೆ ಅಂತ ಬೇರೆ ಅಂಗಡಿಗೆ ಕರ್ಕೊಂಡು ಹೋಗ್ಬಾರ್ದು. ನಮ್ಮ ಗೈಡ್ ಎರಡನೇದನ್ನು ಓದಿ ಭಾರಿ ಖುಷಿಪಟ್ಟಿದ್ಳು, ಹೆಚ್ಚಿನವರು ಫೋಟೋ ಎಲ್ಲಿ ತೆಗೀಬಹುದು ಅಂತ ಮಾತ್ರ ಕೇಳ್ತಾರಂತೆ. ಹೋಗುವ ವಾರದಲ್ಲಿ ಮ್ಯೂಸಿಯಂನ ಟೈಮಿಂಗ್, ರಜೆ ದಿನ ಎಲ್ಲ ಅವರ ಹತ್ರ ಇನ್ನೊಮ್ಮೆ ಕನ್ಫರ್ಮ್ ಮಾಡ್ಕೊಳ್ಳಿ.

ಬೆಳಿಗ್ಗೆ ಎಂಟಕ್ಕೆ ಹೊರಡಿ. ತರ್ನೊವೊದಿಂದ ಗಾಬ್ರೊವೊ ದಾಟಿ ಎಟರ್‌ಗೆ 50 ಕಿಲೋಮೀಟರ್ ಚಿಲ್ಲರೆ, ದಾರಿ ಇಡೀ ಹಸಿರು, ಬಾಲ್ಕನ್ ಬೆಟ್ಟಗಳ ಬುಡಕ್ಕೆ ಹೋಗುವಾಗ ನಮ್ಮ ಆಗುಂಬೆ ಕೆಳಗಿನ ಸೋಮೇಶ್ವರದ ನೆನಪು ಬಂತು ನಂಗೆ. ಎಟರ್ ಅಂದ್ರೆ ಸಿವೆಕ್ ಅನ್ನುವ ಹೊಳೆಯ ಬದಿಯಲ್ಲಿರುವ ಬಯಲು ಮ್ಯೂಸಿಯಂ, ಲಾಜರ್ ದೊಂಕೊವ್ ಅನ್ನುವವರು ಹಟ ಹಿಡಿದು ಕಟ್ಟಿದ್ದು, 1964ರಲ್ಲಿ ಓಪನ್ ಆದದ್ದು, ಆ ದೇಶದಲ್ಲಿ ಇಂಥದ್ದು ಇದೇ ಮೊದಲನೇದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನು ಬಿಚ್ಚಿ ತಂದು ಜೋಡಿಸಿದ ಹಸ್ತಶಿಲ್ಪ ನೋಡಿದವರಿಗೆ ಇದು ಥಟ್ಟಂತ ಅರ್ಥ ಆಗ್ತದೆ, ಅದೇ ಜಾತಿಯ ಪ್ರೀತಿ. ವ್ಯತ್ಯಾಸ ಎಂತ ಅಂದ್ರೆ ಇಲ್ಲಿ ನೀರಿನ ಗಿರಣಿಗಳಲ್ಲಿ ಕೆಲವು ಅದೇ ಜಾಗದಲ್ಲಿ ಮೊದಲೇ ಇದ್ದದ್ದು, ಅದನ್ನು ರಿಪೇರಿ ಮಾಡಿದ್ರು, ಕಸುಬಿನ ಬೀದಿಯ ಮನೆಗಳನ್ನು ಗಾಬ್ರೊವೊ ಸುತ್ತಮುತ್ತ ಇದ್ದ ಮನೆಗಳ ಅಳತೆ ತಗೊಂಡು ಹಾಗೇ ಕಟ್ಟಿದ್ರು. ಮತ್ತೆ ಎಲ್ಲದರ ಒಳಗೂ ಜನ ಕೂತು ಕೆಲಸ ಮಾಡ್ತಾರೆ.

ಒಳಗೆ ಹೋದ ಕೂಡ್ಲೇ ಬೀದಿ ಕಡೆ ಓಡ್ಬೇಡಿ, ಮೊದಲು ನೀರಿನ ಹಿಂದೆ ಹೋಗಿ. ಹೊಳೆಯಿಂದ ಒಂದು ಕಾಲುವೆ ತಿರುಗಿಸಿ ಆ ನೀರನ್ನು ಮರದ ದೋಣಿಗಳಲ್ಲಿ ಹರಿಸಿ ಒಂದೊಂದು ಚಕ್ರದ ಮೇಲೆ ಬೀಳಿಸ್ತಾರೆ. ಒಂದು ಚಕ್ರ ಹಿಟ್ಟಿನ ಗಿರಣಿ ತಿರುಗಿಸ್ತದೆ, ಒಂದು ಚಾಕು ಮಸೆಯುವ ಕಲ್ಲು ತಿರುಗಿಸ್ತದೆ, ಇನ್ನೊಂದು ಮರ ಕಡೆಯುವ ಯಂತ್ರ. ಉಣ್ಣೆ ಬಟ್ಟೆ ಬಡಿಯುವ ಜಾಗದಲ್ಲಿ ದೊಡ್ಡ ಮರದ ಸುತ್ತಿಗೆಗಳು ಧಬ್ ಧಬ್ ಅಂತ ಎದ್ದು ಬೀಳ್ತವೆ. ಬಡಿದು ಬಡಿದು ನೆನೆದ ಉಣ್ಣೆಯ ಎಳೆ ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ದಪ್ಪ ಆಗ್ತದೆ, ಆಮೇಲೆ ಅದರೊಳಗೆ ಗಾಳಿ, ನೀರು ಸುಲಭಕ್ಕೆ ಹೋಗುವುದಿಲ್ಲ. ಅದರ ಹತ್ರ ಕಂಬಳಿ ತೊಳೆಯುವ ಮರದ ತೊಟ್ಟಿ ಉಂಟು, ಕೆಳಗೆ ಕಿರಿದು ಮೇಲೆ ಅಗಲ, ಮೇಲಿಂದ ಜೋರಾಗಿ ನೀರು ಬಿದ್ದು ಸುಳಿ ಎದ್ದು ಕಂಬಳಿ ತನ್ನಷ್ಟಕ್ಕೆ ತಿರುಗ್ತಾ ಇರ್ತದೆ, ಸೋಪಿಲ್ಲ, ಕರೆಂಟಿಲ್ಲ. ನನ್ನ ಅತ್ತೆ ಹೊಳೆ ಬದಿಯ ಕಲ್ಲಿಗೆ ಕಂಬಳಿ ಬಡಿದು ಬಡಿದು ಸೊಂಟ ಹಿಡ್ಕೊಂಡು ಬರ್ತಿದ್ದದ್ದು ನೆನಪಾಗಿ ನಾನು ಆ ತೊಟ್ಟಿ ಮುಂದೆ ಹತ್ತು ನಿಮಿಷ ನಿಂತೇ ಬಿಟ್ಟೆ.

ಅದಾದ ಮೇಲೆ ಗೈತಾನ್ ನೇಯುವ ಮನೆ, ಇದನ್ನು ಮಿಸ್ ಮಾಡಿದ್ರೆ ಎಟರ್ ನೋಡಿದ ಹಾಗೇ ಅಲ್ಲ. ಗೈತಾನ್ ಅಂದ್ರೆ ಉಣ್ಣೆಯ ಹೆಣೆದ ದಾರ, ಹಳೇ ಕಾಲದ ಅಂಗಿ ಕೋಟುಗಳ ಅಂಚಿಗೆ ಹೊಲೀತಿದ್ರು. 19ನೇ ಶತಮಾನದಲ್ಲಿ ಗಾಬ್ರೊವೊ ಶ್ರೀಮಂತ ಆದದ್ದರಲ್ಲಿ ಈ ದಾರದ್ದು ದೊಡ್ಡ ಪಾಲು. ಯಂತ್ರ ಹೇಗೆ ಕೆಲಸ ಮಾಡ್ತದೆ ಅಂತ ನಿಮಗೆ ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ ಜಡೆ ಕೋಲಾಟ. ಮಧ್ಯದ ಕಂಬಕ್ಕೆ ಕಟ್ಟಿದ ಹಗ್ಗ ಹಿಡ್ಕೊಂಡು ಅರ್ಧ ಜನ ಈ ಕಡೆ ಅರ್ಧ ಜನ ಆ ಕಡೆ ಒಬ್ಬರ ಒಳಗಿಂದ ಒಬ್ಬರು ಹೊರಗಿಂದ ದಾಟ್ತಾ ಹೋದ್ರೆ ಮೇಲೆ ಜಡೆ ಆಗ್ತದಲ್ಲ, ಇಲ್ಲಿ ಜನರ ಬದಲು ನೂಲಿನ ಉರುಳೆಗಳು ಅದೇ ಕುಣಿತ ಕುಣೀತವೆ, ಕುಣಿಸುವುದು ಹೊಳೆ ನೀರು. ನಾನು ಇದನ್ನು ಗೈಡಿಗೆ ಹೇಳಿದೆ, ಅವಳು ಕೆಲಸದವರಿಗೆ ಹೇಳಿದ್ಳು, ಆ ಅಮ್ಮ ನಕ್ಕು ಯಂತ್ರ ನಿಲ್ಲಿಸಿ ಒಂದು ಉರುಳೆಯನ್ನು ಕೈಯಲ್ಲಿ ನಿಧಾನ ತಿರುಗಿಸಿ ಇಡೀ ದಾರಿ ತೋರಿಸಿ ಕೊಟ್ರು.

ಈಗ ಬೀದಿಗೆ ಬನ್ನಿ. ತಾಮ್ರದವರು, ಚಾಕು ಮಾಡುವವರು, ಬೆಳ್ಳಿ ಕೆಲಸದವರು, ಆಡಿನ ಕೂದಲು ನೇಯುವವರು, ಎಲ್ಲ ಸಾಲಾಗಿ. ಎಲ್ಲದಕ್ಕೂ ಸಮಾನ ಟೈಮ್ ಕೊಡ್ಲಿಕ್ಕೆ ಹೋಗ್ಬೇಡಿ, ಎರಡೋ ಮೂರೋ ಆರಿಸಿ ಅಲ್ಲೇ ಕೂತ್ಕೊಳ್ಳಿ. ನಾನು ಆರಿಸಿದ್ದು ದನ ಕುರಿಗಳ ಗಂಟೆ ಮಾಡುವವರನ್ನು. ಕುರಿ ಕಾಯುವವನಿಗೆ ತನ್ನ ಹಿಂಡಿನ ಗಂಟೆಗಳ ಸ್ವರ ಒಂದಕ್ಕೊಂದು ಹೊಂದ್ಬೇಕು, ಹಾಗಾಗಿ ಮಾಡುವವನು ಬಡೀತಾನೆ, ಕಿವಿಗೆ ಹಿಡೀತಾನೆ, ಪುನಃ ಬಡೀತಾನೆ. ಮಲೆನಾಡ ಕಡೆ ದನದ ಕುತ್ತಿಗೆಗೆ ಮರದ ಗಂಟೆ ಕಟ್ಟಿ ಕಾಡಿಗೆ ಬಿಡುವವರಿಗೂ ಇದೇ ಲೆಕ್ಕ, ಸದ್ದಿನಲ್ಲೇ ಯಾವ ದನ ಎಲ್ಲುಂಟು ಅಂತ ಗೊತ್ತಾಗ್ತದೆ. ಇನ್ನೊಂದು ಮಗ್ಗದವರ ಹತ್ರ. ಅಲ್ಲಿ ನಾನು ಕಿನ್ನಿಗೋಳಿಯ ವಿಡಿಯೋ ತೆಗೆದು ತೋರಿಸಿದೆ. ಆಗ್ಲಿಂದ ಮಾತೇ ಬೇಡ ಆಯ್ತು. ಅವರು ಫೋನ್ ಹತ್ರ ಹಿಡಿದು ಮೂರು ಸಲ ನೋಡಿದ್ರು, ಹತ್ತಿ ನೂಲಿಗೆ ಎಂತ ಹಚ್ಚುವುದು ಅಂತ ಕೇಳಿದ್ರು, ಅಕ್ಕಿ ಗಂಜಿ ಅಂದದ್ದಕ್ಕೆ ಆಶ್ಚರ್ಯ ಆಯ್ತು ಅವರಿಗೆ, ಆಮೇಲೆ ನನ್ನನ್ನೇ ಮಗ್ಗದಲ್ಲಿ ಕೂರಿಸಿ ಲಾಳಿ ಕೈಗೆ ಕೊಟ್ರು. ನಾನು ನೇಯ್ದದ್ದು ನಾಲ್ಕೇ ಸಾಲು. ಊರಿಂದ ಒಂದು ವಿಡಿಯೋ ತಗೊಂಡು ಹೋಗಿ ಅಂತ ಮೇಲೆ ಹೇಳಿದ್ದು ಇದಕ್ಕೇ. ಮೀನಿನ ಬಲೆ, ಬುಟ್ಟಿ, ದೋಣಿ, ಯಕ್ಷಗಾನದ ಕಿರೀಟ, ನಿಮ್ಮ ಮನೆಯವರ ಕಸುಬು ಯಾವುದಿದ್ರೂ ಆಗ್ತದೆ.

ಆ ಬೀದಿಯಲ್ಲೇ ಬಿಸಿ ಮರಳಿನಲ್ಲಿ ಚಿಕ್ಕ ತಾಮ್ರದ ಪಾತ್ರೆ ಹೂತು ಕಾಫಿ ಮಾಡ್ತಾರೆ, ಜೊತೆಗೆ ಬಿಳೀ ಸಕ್ಕರೆ ಪಾಕದ ಸಿಹಿ. ಕಾಫಿ ಪುಡಿ ಗ್ಲಾಸಿನ ಅಡಿಯಲ್ಲಿ ಉಳೀತದೆ, ಅದನ್ನು ಕುಡಿಯುವುದಲ್ಲ. ಮಕ್ಕಳಿದ್ರೆ ಸಕ್ಕರೆಯ ಕೋಳಿ ಹುಂಜ ಸಿಗ್ತದೆ, ನಮ್ಮ ಜಾತ್ರೆಯ ಮಿಠಾಯಿ ನೆನಪಾಗುವ ಕೆಂಪು ಬಣ್ಣ. ಬೇಕರಿಯಲ್ಲಿ ಸಿಮಿತ್ ಅನ್ನುವ ಬ್ರೆಡ್ ಕೇಳಿ, ಕಡಲೆ ನೆನೆಸಿ ಹುಳಿ ಬರಿಸಿ ಅದರಿಂದ ಹಿಟ್ಟು ಉಬ್ಬಿಸ್ತಾರೆ. ರಾತ್ರಿ ಉದ್ದು ರುಬ್ಬಿಟ್ಟು ಬೆಳಿಗ್ಗೆ ಇಡ್ಲಿ ಬೇಯಿಸುವ ನಮಗೆ ಇದು ಬೇಗ ಅರ್ಥ ಆಗುವ ವಿದ್ಯೆ.

ಊಟದ ವಿಷಯ ಸಸ್ಯಾಹಾರಿಗಳು ಹೆದರ್ಬೇಡಿ. ಬೊಬ್ ಚೊರ್ಬಾ ಅಂದ್ರೆ ಬೀನ್ಸ್ ಕಾಳಿನ ಸಾರು, ಶೋಪ್ಸ್ಕಾ ಅಂದ್ರೆ ಟೊಮೆಟೊ ಸೌತೆ ಮೇಲೆ ಬಿಳೀ ಚೀಸ್ ತುರಿದ ಸಲಾಡ್, ಬಾನಿತ್ಸಾ ಅಂದ್ರೆ ಪದರ ಪದರದ ಚೀಸ್ ಪೇಸ್ಟ್ರಿ, ಇದಕ್ಕೆ ಮೊಟ್ಟೆ ಹಾಕ್ತಾರೆ ಕೇಳ್ಕೊಳ್ಳಿ. ಬೇಸಗೆಯಲ್ಲಿ ತರಾತೋರ್ ಕೇಳಿ, ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿದ ತಣ್ಣಗಿನ ಸೂಪ್, ಮೇಲಿಂದ ಅಕ್ರೋಟು ಪುಡಿ. ನಾನಂತೂ ಅದನ್ನು ತಂಬುಳಿ ಅಂತಲೇ ಕರೆದೆ. ಮೊಸರು ಅವರ ಹೆಮ್ಮೆ, ಅದರೊಳಗಿನ ಬ್ಯಾಕ್ಟೀರಿಯಾಕ್ಕೆ ದೇಶದ್ದೇ ಹೆಸರು, 1905ರಲ್ಲಿ ಕಂಡುಹಿಡಿದವರು ಸ್ತಾಮೆನ್ ಗ್ರಿಗೊರೊವ್ ಅನ್ನುವ ಬಲ್ಗೇರಿಯನ್ ಡಾಕ್ಟರ್. ಮಾಂಸ ಬೇಡ ಅನ್ಲಿಕ್ಕೆ ‘ಬೆಜ್ ಮೆಸೊ’. ಒಂದು ಎಚ್ಚರಿಕೆ, ಅವರು ತಲೆ ಅಡ್ಡಕ್ಕೆ ಆಡಿಸಿದ್ರೆ ಹೌದು, ಮೇಲೆ ಕೆಳಗೆ ಮಾಡಿದ್ರೆ ಇಲ್ಲ. ನಾವು ಹೂಂ ಅನ್ನುವಾಗ ತಲೆ ಆ ಕಡೆ ಈ ಕಡೆ ಆಡಿಸ್ತೇವಲ್ಲ, ಅದು ಅಲ್ಲಿ ಸರಿಯಾಗಿ ಹೊಂದ್ತದೆ. ಆದ್ರೆ ಬೇಡ ಅನ್ಲಿಕ್ಕೆ ತಲೆ ಅಲ್ಲಾಡಿಸಿದ್ರೆ ಪ್ಲೇಟಿಗೆ ಇನ್ನೂ ಬೀಳ್ತದೆ, ಬಾಯಲ್ಲೇ ‘ನೆ’ ಅನ್ನಿ.

ಮಧ್ಯಾಹ್ನ ತ್ರ್ಯಾವ್ನಾ, ಎಟರಿಂದ ಅರ್ಧ ಗಂಟೆ ಚಿಲ್ಲರೆ ದಾರಿ. ಚಂದದ ಚಿಕ್ಕ ಊರು, 1814ರ ಗಡಿಯಾರ ಗೋಪುರ, ಬೆನ್ನು ಬಗ್ಗಿಸಿದ ಹಾಗಿರುವ ಕಲ್ಲಿನ ಸೇತುವೆ. ಇಲ್ಲಿ ನೀವು ನೋಡ್ಬೇಕಾದ್ದು ದಸ್ಕಲೊವ್ ಮನೆ ಒಂದೇ, ಬೇರೆ ಎಂತ ನೋಡದಿದ್ರೂ ನಡೀತದೆ. 1808ರಲ್ಲಿ ಈ ಮನೆಯ ಎರಡು ಕೋಣೆಗಳ ಚಾವಣಿಗೆ ಮರದ ಸೂರ್ಯ ಕೆತ್ತುವ ಪಂದ್ಯ ಆಯ್ತು ಅಂತ ಹೇಳ್ತಾರೆ, ಗುರು ದಿಮಿತರ್ ಒಂದು ಕೋಣೆಯಲ್ಲಿ, ಶಿಷ್ಯ ಇವಾನ್ ಇನ್ನೊಂದರಲ್ಲಿ, ಸಂತ ಜಾರ್ಜರ ಹಬ್ಬದಿಂದ ಸಂತ ದಿಮಿತರ್ ಹಬ್ಬದವರೆಗೆ ಆರು ತಿಂಗಳು. ಗೆದ್ದವರು ಯಾರು ಅಂತ ಗೈಡ್ ಹೇಳುವ ಮೊದಲು ನೀವೇ ಎರಡೂ ಕೋಣೆಯಲ್ಲಿ ನೆಲದ ಮಧ್ಯೆ ನಿಂತು ಮೇಲೆ ನೋಡಿ. ಮೂಡಬಿದ್ರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದು ಕಂಬ ಇಲ್ಲ ಅಂತ ಅಜ್ಜ ತೋರಿಸ್ತಿದ್ದದ್ದು ನಂಗೆ ನೆನಪಾಯ್ತು, ಹಾಗೇ ಇಲ್ಲೂ ಒಂದೇ ಸೂರ್ಯ ಇಬ್ಬರ ಕೈಯಲ್ಲಿ ಬೇರೆ ಬೇರೆ. ನಂಗೆ ಶಿಷ್ಯನದ್ದು ಹೆಚ್ಚು ಇಷ್ಟ ಆಯ್ತು. ಮುಕ್ಕಾಲು ಗಂಟೆ ಸಾಕು, ಇಲ್ಲಿ ಕೂತ್ರೆ ಕೋಟೆಗೆ ಲೇಟಾಗ್ತದೆ.

ಸಂಜೆ ನಾಲ್ಕೂವರೆ ಹೊತ್ತಿಗೆ ತರ್ನೊವೊದ ಕೋಟೆ ಇರುವ ತ್ಸಾರೆವೆತ್ಸ್ ಗುಡ್ಡದ ಬಾಗಿಲಲ್ಲಿ ಇರ್ಬೇಕು, ಬಿಸಿಲು ಇಳಿದಿರ್ತದೆ, ಬಸ್ಸಿನವರು ಹೋಗಿರ್ತಾರೆ. ಯಾಂತ್ರಾ ನದಿ ಗುಡ್ಡವನ್ನು ಮೂರು ಕಡೆ ಸುತ್ತಿಕೊಂಡು ಹೋಗ್ತದೆ, ಒಳಗೆ ಹೋಗ್ಲಿಕ್ಕೆ ಇರುವ ಮುಖ್ಯ ದಾರಿ ಬಂಡೆಯ ಮೇಲಿನ ಒಂದು ಸಪೂರ ಹಾದಿ, ಅದಕ್ಕೆ ಸಾಲಾಗಿ ಮೂರು ಬಾಗಿಲು. ಕಲ್ಲು ಜಾರ್ತದೆ, ಚಪ್ಪಲಿ ಬೇಡ, ಗ್ರಿಪ್ ಇರುವ ಶೂ ಹಾಕಿ, ಹಿರಿಯರಿದ್ರೆ ಮೇಲಿನವರೆಗೆ ಒತ್ತಾಯ ಮಾಡ್ಬೇಡಿ.

ಕತೆ ಇಷ್ಟು: 1185ರಲ್ಲಿ ಅಸೆನ್, ಪೀಟರ್ ಅನ್ನುವ ಅಣ್ಣತಮ್ಮಂದಿರು ಆಗ ತಮ್ಮನ್ನು ಆಳ್ತಿದ್ದ ಬೈಜಾಂಟಿಯಂ ಸಾಮ್ರಾಜ್ಯದ ವಿರುದ್ಧ ಎದ್ದು ಈ ಊರನ್ನು ರಾಜಧಾನಿ ಮಾಡಿದ್ರು. ಅವರ ತಮ್ಮ ಕಾಲೊಯಾನ್ 1205ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಲ್ಯಾಟಿನ್ (ಅಂದ್ರೆ ಪಶ್ಚಿಮ ಯುರೋಪಿನಿಂದ ಬಂದು ಆ ಊರು ಹಿಡಿದವರ) ಚಕ್ರವರ್ತಿ ಬಾಲ್ಡ್ವಿನ್‌ನನ್ನೇ ಸೆರೆ ಹಿಡಿದು ಇಲ್ಲಿಗೆ ತಂದ, ಅವನ ಹೆಸರಿನ ಗೋಪುರ ತುದಿಯಲ್ಲಿ ಕಾಣ್ತದೆ. ಆ ಗೋಪುರ 20ನೇ ಶತಮಾನದಲ್ಲಿ ಚೆರ್ವೆನ್ ಅನ್ನುವ ಊರಿನ ಗೋಪುರ ನೋಡಿ ಪುನಃ ಕಟ್ಟಿದ್ದು. ಕೊನೆಗೆ ಮೂರು ತಿಂಗಳ ಮುತ್ತಿಗೆ ಆಗಿ 1393 ಜುಲೈ 17ಕ್ಕೆ ಒಟ್ಟೊಮನ್ ತುರ್ಕರ ಕೈಗೆ ಹೋಯ್ತು. ಗುಡ್ಡದ ನೆತ್ತಿಯಲ್ಲಿರುವ ಚರ್ಚಿನ ಹೊರಗೋಡೆ 1981ಕ್ಕೆ ಪುನಃ ಎದ್ದದ್ದು, ಒಳಗಿನ ಚಿತ್ರಗಳು 1985ರ ಹೊತ್ತಿಗೆ ತೆಯೊಫಾನ್ ಸೊಕೆರೊವ್ ಬರೆದದ್ದು, ಬೂದು ಕಪ್ಪಿನ ನಡುವೆ ಎತ್ತರದ ಬಾಡಿದ ಮುಖಗಳು. ಹಳೇ ಚರ್ಚಿನ ಚಿತ್ರ ಅಂತ ನಿರೀಕ್ಷೆ ಇಟ್ಟು ಹೋದವರಿಗೆ ಸಿಟ್ಟು ಬರ್ತದೆ, ಬೇಕಾದ್ರೆ ಮೊದಲೇ ಗೊತ್ತಿರ್ಲಿ, ನಂಗೆ ಆ ಮೌನ ಹಿಡಿಸ್ತು.

ಹಳೇದೇ ಬೇಕು ಅಂದ್ರೆ ಗುಡ್ಡದ ಕೆಳಗೆ ನದಿ ಬದಿಯಲ್ಲಿ ನಲ್ವತ್ತು ಹುತಾತ್ಮರ ಚರ್ಚ್ ಉಂಟು, 1230ರಲ್ಲಿ ಕ್ಲೊಕೊತ್ನಿತ್ಸಾ ಯುದ್ಧ ಗೆದ್ದ ಮೇಲೆ ಇವಾನ್ ಅಸೆನ್ 2 ಅನ್ನುವ ದೊರೆ ಕಟ್ಟಿಸಿದ್ದು. ಮುಚ್ಚುವ ಟೈಮ್ ನೋಡ್ಕೊಂಡು ಕೋಟೆಗೆ ಮೊದಲೇ ಬೇಕಾದ್ರೆ ಇದನ್ನು ಮುಗಿಸಿ. ಒಳಗೆ ಶಾಸನ ಕೆತ್ತಿದ ಕಂಬಗಳುಂಟು, ಅದರಲ್ಲಿ ಒಂದು ಒಮುರ್ತಾಗ್ ಅನ್ನುವ 9ನೇ ಶತಮಾನದ ದೊರೆಯದ್ದು, ಗ್ರೀಕಿನಲ್ಲಿದೆ. ಮನುಷ್ಯ ಚೆನ್ನಾಗಿ ಬಾಳಿದ್ರೂ ಸಾಯ್ತಾನೆ, ಇನ್ನೊಬ್ಬ ಹುಟ್ತಾನೆ, ಆಮೇಲೆ ಹುಟ್ಟಿದವನು ಇದನ್ನು ನೋಡಿ ಮಾಡಿದವನನ್ನು ನೆನೆಯಲಿ ಅನ್ನುವ ಅರ್ಥದ್ದು. ಗೈಡ್ ಅದನ್ನು ಓದಿ ಹೇಳುವಾಗ ನಂಗೆ ಬಾರ್ಕೂರಿನ ಶಾಸನ ಕಲ್ಲುಗಳ ಮೇಲಿನ ಸೂರ್ಯ ಚಂದ್ರ ಕಣ್ಣೆದುರು ಬಂತು.

ಅಲ್ಲಿನ ಸಿರಿಲಿಕ್ ಲಿಪಿಯ ಬೋರ್ಡು ಓದ್ಲಿಕ್ಕೆ ನಾಲ್ಕು ಅಕ್ಷರ ಕಲ್ತು ಹೋಗಿ, ಇಂಗ್ಲಿಷಿನ ಪಿ ತರ ಕಾಣುವುದು ರ, ಸಿ ತರ ಕಾಣುವುದು ಸ, ಎಚ್ ತರ ಕಾಣುವುದು ನ, ಬಿ ತರ ಕಾಣುವುದು ವ. ಇಷ್ಟರಲ್ಲೇ ಅರ್ಧ ಬೋರ್ಡು ಬಾಯಿಗೆ ಬರ್ತದೆ. ಕತ್ತಲಾದ ಮೇಲೆ ಕೋಟೆಯ ಲೈಟ್ ಶೋ ಇರುವ ದಿನ ಆದ್ರೆ ಬಾಗಿಲ ಹೊರಗಿನ ಚೌಕದಿಂದ ನೋಡ್ಬಹುದು, ಯಾವ ದಿನ ಅಂತ ಗೈಡ್ ಹತ್ರ ಮೊದಲೇ ಕೇಳಿಟ್ಕೊಳ್ಳಿ.

ತರುವ ಸಾಮಾನಿಗೆ ಬಂದ್ರೆ, ಗಾಬ್ರೊವೊ ಚಾಕು ತಗೊಂಡ್ರೆ ಚೆಕ್ ಇನ್ ಬ್ಯಾಗಲ್ಲೇ ಹಾಕ್ಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ತ್ರೊಯಾನ್ ಊರಿನ ಮಣ್ಣಿನ ಪಾತ್ರೆ, ಬಣ್ಣದ ಹನಿ ಹನಿ ಇಳಿದ ಡಿಸೈನಿನದ್ದು, ಅದನ್ನು ನೋಡಿದ್ರೆ ಬಿಡ್ಲಿಕ್ಕೆ ಮನಸ್ಸು ಬರುವುದಿಲ್ಲ. ಒಂದೊಂದನ್ನೇ ಬೈರಾಸಿನಲ್ಲಿ ಸುತ್ತಿ ಬಟ್ಟೆ ಮಧ್ಯೆ ಇಡಿ, ನಾನು ತಂದ ಆರರಲ್ಲಿ ಆರೂ ಬಜಪೆಗೆ ಒಡೆಯದೆ ಬಂದವು. ಗೈತಾನ್ ಎರಡು ಮೀಟರ್ ತಂದಿದ್ದೆ, ಕಿನ್ನಿಗೋಳಿಗೆ ಹೋಗಿ ಆ ವಿಡಿಯೋದಲ್ಲಿದ್ದ ಅಮ್ಮನಿಗೆ ಒಂದು ಮೀಟರ್ ಕೊಟ್ಟು ಬಂದೆ, ಅವರು ಅದನ್ನು ಬೆರಳಲ್ಲಿ ಬಿಡಿಸಿ ಎಷ್ಟು ಎಳೆ ಅಂತ ಎಣಿಸ್ಲಿಕ್ಕೆ ಶುರು ಮಾಡಿದ್ರು.